ಮೇನ್ ಸ್ವಿಚ್ಚಿನ ಮೇಲೆ ನೀಲಪ್ಪನ ಕೈ

ಹಳೇ ಹುಬ್ಬಳ್ಳಿಯ ನೀಲಪ್ಪ ವೈರಿಂಗ್ ಮಾಡಿದ ಮನೆಗಳು ಧಾರವಾಡದ ತನಕ ಹಬ್ಬಿದ್ದವು. ಆದರೆ ಅವುಗಳಲ್ಲಿ ಒಂದರಲ್ಲೂ ಮೊದಲ ದೀಪ ಹತ್ತಿದ್ದನ್ನು ಅವನು ಕಂಡವನಲ್ಲ. ನಗಬೇಡಿ, ಇದು ನಿಜ. ಅವನಿಗೆ ಲೈಸನ್ಸ್ ಇರಲಿಲ್ಲ. ಅದು ಇದ್ದದ್ದು ಗುತ್ತಿಗೆದಾರ ಗುರುಬಸವನಿಗೆ. ಗೋಡೆ ಕೊರೆದು, ಪೈಪು ಹೂತು, ವೈರು ಎಳೆಯುವವನು ನೀಲಪ್ಪ. ಮೀಟರ್ ಕೂಡಿಸುವ ದಿನ ಇಸ್ತ್ರಿ ಅಂಗಿ ತೊಟ್ಟು ಬಂದು, ಸಹಿ ಹಾಕಿ, ಮೇನ್ ಸ್ವಿಚ್ ಏರಿಸುವ ಮಹಾರಾಯ ಗುರುಬಸವ.

"ನೀಲಪ್ಪಾ, ಮೀಟರಿನವರ ಜೀಪು ಬಂತು. ನೀ ಇನ್ನ ಸರಕೋ," ಎಂದು ಗುರುಬಸವ ಅಂದರೆ ಸಾಕು, ನೀಲಪ್ಪ ಚೀಲ ಹೆಗಲಿಗೇರಿಸಿ ಹಿತ್ತಲಿಂದ ಹೊರಬೀಳುತ್ತಿದ್ದ. ತಿಂಗಳುಗಟ್ಟಲೆ ಕತ್ತಲ ಮನೆಯಲ್ಲಿ ದುಡಿದವನಿಗೆ ಆ ಒಂದು ಗಳಿಗೆ ನೋಡುವ ಆಸೆ ಬಹಳವಿತ್ತು. ಯಾರ ಮುಂದೆ ಹೇಳಿಕೊಳ್ಳುವುದು? ಬಸ್ಸಿನಲ್ಲಿ ಕೂತು, ಈಗ ದೀಪ ಹತ್ತಿರಬೇಕು, ಅಂದುಕೊಳ್ಳುತ್ತಿದ್ದ.

"ಬ್ಯಾರೇದವರ ಹೆಸರಿಲೇ ಎಷ್ಟ ದಿನಾ ದುಡೀತೀರಿ? ಪರೀಕ್ಷಾ ಕಟ್ರಿ," ಎಂದು ಹೆಂಡತಿ ದುರಗವ್ವ ಬೆನ್ನು ಹತ್ತಿದಳು. ತಲೆ ನೆರೆತ ಮೇಲೆ ಪರೀಕ್ಷೆಗೆ ಕೂತ. ಒಮ್ಮೆ ಫೇಲಾದ, ಮತ್ತೆ ಕೂತ. ಅಂತೂ ತನ್ನ ಹೆಸರಿನ ಲೈಸನ್ಸ್ ತಂದ. ಮೊದಲ ಕೆಲಸ ಸಪ್ತಾಪುರದ ದಾಕ್ಷಾಯಿಣಿ ಟೀಚರ ಹೊಸ ಮನೆಯದು.

ಮೀಟರಿನವರು ಬರುವ ದಿನ ಇಸ್ತ್ರಿ ಅಂಗಿ ನೀಲಪ್ಪನೇ ತೊಟ್ಟ. ಮೋಡ ಕವಿದು ಮಧ್ಯಾಹ್ನವೇ ಮನೆಯೊಳಗೆ ಮಬ್ಬಾಗಿತ್ತು. ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಲೈಸನ್ಸ್ ಕಿಸೆಯಲ್ಲಿತ್ತು, ಖರೆ. ಆದರೆ ಆ ಸುದ್ದಿ ಕಾಲಿಗೆ ಮುಟ್ಟಿರಲಿಲ್ಲ. ಚೀಲ ಎತ್ತಿಕೊಂಡು ಹಿತ್ತಲ ಬಾಗಿಲು ದಾಟಿದವನು ರಸ್ತೆ ತಿರುವಿನ ಚಹಾದಂಗಡಿಯಲ್ಲಿ ಬೆನ್ನು ತಿರುಗಿಸಿ ಕೂತುಬಿಟ್ಟಿದ್ದ.

ಟೀಚರು ಹುಡುಕಿಕೊಂಡು ಅಲ್ಲಿಗೇ ಬಂದರು. "ಇಲ್ಲ್ಯಾಕ ಕುಂತೀರಿ? ಲೈಸನ್ಸಿನವರು ಎಲ್ಲಿ ಅಂತ ಕೇಳಾಕತ್ತಾರ."

"ಅವರು ಇನ್ನೂ ಬಂದಿಲ್ರೀ ಅಕ್ಕಾರ," ಎಂದ ನೀಲಪ್ಪ.

"ಯಾರು ಬಂದಿಲ್ಲ? ಲೈಸನ್ಸ್ ನಿಮ್ಮದ ಐತೆಲ್ರಿ!"

ನೀಲಪ್ಪ ಎದ್ದು ನಿಂತ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಇಷ್ಟು ವರ್ಷ ಓಡಿಹೋಗುವುದನ್ನೇ ಕಲಿತೆನಲ್ಲ ಎನಿಸಿತು. ಟೀಚರ ಹಿಂದೆ ತಲೆಬಾಗಿಲಿನಿಂದಲೇ ಒಳಗೆ ಹೋದ.

ಸಹಿ ಆಯಿತು. "ಏರಸ್ರಿ," ಎಂದರು ಮೀಟರಿನವರು.

ಏರಿಸಿದ. ಪಡಸಾಲೆ, ಅಡುಗೆಮನೆ, ದೇವರಕೋಣೆ, ಎಲ್ಲ ಒಟ್ಟಿಗೆ ಬೆಳಗಿದವು. ಟೀಚರು ಕೈಮುಗಿದರು. ನೀಲಪ್ಪನ ಕಣ್ಣು ತುಂಬಿತು. ಬಿಟ್ಟುಬಂದ ಮನೆಗಳೆಲ್ಲ ಹೀಗೇ ಬೆಳಗಿದ್ದವೇನೋ, ತಾನಿಲ್ಲದೆ.

"ಅಕ್ಕಾರ, ಒಂದ್ಸಲ ಆರಿಸಿ ಮತ್ತ ಹಚ್ಚಲೇನ್ರಿ?"

"ಯಾಕ್ರಿ, ಏನರ ತಪ್ಪಾತೇನು?"

"ತಪ್ಪೇನಿಲ್ರಿ. ಹಂಗ."

ಟೀಚರು ತಲೆಯಾಡಿಸಿದರು. ಅವನು ಸ್ವಿಚ್ ಇಳಿಸಿದ. ಮಬ್ಬಿನಲ್ಲೇ, "ಇದು ಶಿರಗುಪ್ಪಿ ಶೇವಂತೆವ್ವನ ಮನಿದು," ಎಂದು ಟೀಚರಿಗೆ ಕೇಳುವಷ್ಟು ಮೆಲ್ಲಗೆ ಅಂದು ಏರಿಸಿದ. ಕಣ್ತುಂಬ ನೋಡಿ ಮತ್ತೆ ಇಳಿಸಿದ. "ಇದು ಫಕೀರವ್ವನ ಮನಿದು."

ಮೀಟರಿನವರು ಹೊರಡಲು ಚಡಪಡಿಸಿದರು. ಟೀಚರು ಅವರಿಗೆ ಕುರ್ಚಿ ಸರಿಸಿಕೊಟ್ಟರು.

"ಕುಂಡ್ರಿ, ಚಹಾ ಇಡತೇನಿ. ಅವರದು ಇನ್ನೂ ಭಾಳ ಮನಿ ಅದಾವ."