ಹುಬ್ಬಳ್ಳಿಯಲ್ಲಿ ನಿಲ್ಲದ ಬಂಡಿ

ಉಣಕಲ್ಲಿನ ಕೆರೆಯ ಮೇಲೆ ಹಸಿರು ಮಿಂಚಿತು, ಇಲ್ಲ, ಕೆರೆಯೆಂದರೆ ನಾನು ಅಂಟಿಸಿದ ಒಡಕು ಕನ್ನಡಿ, ಹಸಿರೆಂದರೆ ಅದರ ಮೇಲೆ ಬಾಗಿದ ನನ್ನ ಹೆಂಡತಿ ನಿರುಪಮಾಳ ಬಳೆ, ಆದರೂ ನಿಜವಾದ ಕೆರೆ ನಾಚಿ ಬತ್ತಿಹೋಗಬೇಕು ಹಾಗೆ ಹೊಳೆಯಿತು, ಆ ಹೊಳಪಿನ ಪಕ್ಕದಲ್ಲೇ ನನ್ನ ಇಂಜಿನು ಕಿರ್ರೆಂದು ಓಡಿತು — ಕೀಲಿ ಕೊಟ್ಟರೆ ಓಡುವ ಆಟಿಕೆ ಅನ್ನುವವರು ಅನ್ನಲಿ, ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ ಧಾರವಾಡದಿಂದ ಹುಬ್ಬಳ್ಳಿಯವರೆಗೆ ಹಳಿ ಹಾಸಿದ ಡ್ರಾಯಿಂಗ್ ಮಾಸ್ತರ ಇಡೀ ಭರತಖಂಡದಲ್ಲಿ ನಾನೊಬ್ಬನೇ, ಅದೂ ನಡುಮನೆಯ ಹಲಗೆಗಳ ಮೇಲೆ, ಏಳು ತಿಂಗಳ ಬಸುರಿ ಹೆಂಡತಿ ಲೋಡಿಗೆ ಒರಗಿ ಕೂತಲ್ಲಿಂದಲೇ ಕಾಣುವ ಹಾಗೆ, ಬಿಳಿಯ ಇಂಜಿನಿಯರುಗಳು ಕಂಡರೆ ಟೋಪಿ ತೆಗೆಯುವುದೇನು ಬಂತು, ಟೋಪಿ ಇಲ್ಲೇ ಬಿಟ್ಟು ಹಡಗು ಹತ್ತುತ್ತಾರೆ. ಮೊದಲು ಇಲ್ಲಿದ್ದದ್ದು ಸ್ವಿಟ್ಜರ್‌ಲೆಂಡು, ಮುಂಬಯಿಯ ಅಂಗಡಿಯ ಚಿತ್ರಪುಸ್ತಕ ನೋಡಿ ಕಟ್ಟಿದ್ದು, ಸುಣ್ಣದ ಬೆಟ್ಟ, ಹತ್ತಿಯ ಹಿಮ, ಅದನ್ನು ನೋಡಿದ ಬೆಕ್ಕಿಗೆ ನೆಗಡಿಯಾಗಿತ್ತು, ಸುಳ್ಳಲ್ಲ, ಆದರೆ ಇವಳು ಕೆನ್ನೆಗೆ ಕೈ ಹಚ್ಚಿ ನೋಡಿ ನೋಡಿ ಕೇಳಿದ್ದೇನು, ಛಲೋ ಅದರಿ, ಆದ್ರ ಇದರಾಗ ನಮ್ಮವ್ವನ ಊರು ಎಲ್ಲ್ಯದ? ಅದೊಂದು ಮಾತಿಗೆ ಹಿಮಪರ್ವತ ಕುಸಿಯಿತು, ಹತ್ತಿಯೆಲ್ಲ ದಿಂಬಿಗೆ ಹೋಯಿತು, ನಾನು ಎದೆ ತಟ್ಟಿಕೊಂಡೆ, ದಿನಾ ಮೂರು ಹೊತ್ತು ನಿನ್ನ ಹುಬ್ಬಳ್ಳಿಗೆ ಕರಕೊಂಡು ಹೋಗ್ತೀನಿ, ಹಾಸಿಗೆ ಬಿಟ್ಟು ಏಳೂದು ಬ್ಯಾಡ.

ಅಂದದ್ದು ನಾನು, ಕಟ್ಟಿಸಿದ್ದು ಅವಳು. ಕನ್ನಡಿ ಸಿಕ್ಕ ಸಂಭ್ರಮದಲ್ಲಿ ನಾನು ಹಳಿಯ ಮಗ್ಗುಲಿಗೆ ಕೆಲಗೇರಿಯ ಕೆರೆ ಇಟ್ಟರೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೆಲಗೇರಿ ಗೋವಾದ ಹಾದಿಗದ, ನನ್ನ ತವರಿಗೆ ಕಳಸ್ತೀರೋ ಸಮುದ್ರಕ್ಕ ನೂಕ್ತೀರೋ, ಸರಿ, ಕೆರೆಯನ್ನೇ ಕಿತ್ತು ಉಣಕಲ್ಲಿಗೆ ಒಯ್ದೆ, ಭಗೀರಥ ತಂದದ್ದು ಹರಿಯುವ ನೀರು, ನಿಂತ ನೀರನ್ನು ಎತ್ತಿ ನಡೆದವನು ನಾನು. ನವಲೂರು ಬಂದಾಗ ಪೇರಲ ಮಾರುವವರೆಲ್ಲಿ ಅಂದಳು, ಸಾಸಿವೆಗೆ ಹಸಿರು ಬಳಿದು ಬುಟ್ಟಿ ತುಂಬಿಸಿದೆ, ಆಮೇಲೆ ಬೆರಳಿನಿಂದ ನನ್ನ ನೆಟ್ಟಗಿನ ಹಳಿಯನ್ನು ಮೆಲ್ಲಗೆ ಒತ್ತಿದಳು, ಇಲ್ಲೆ ಸೊಟ್ಟ ಆಗಬೇಕ್ರಿ, ಇಲ್ಲೆ ಹೆಂಗಸರ ಡಬ್ಬಿಯೊಳಗ ಎಲ್ಲಾರೂ ಒಬ್ಬರ ಮ್ಯಾಲೊಬ್ಬರು ವಾಲ್ತೇವಿ — ನಕಾಶೆ ಬರೆದು ಹೊಟ್ಟೆ ಹೊರೆಯುವ ನನಗೆ ತಿಳಿಯದ ತಿರುವು ಅವಳ ಭುಜಕ್ಕೆ ನೆನಪಿತ್ತು, ಎಂಥ ಭುಜ, ರೇಲ್ವೆಯವರು ಅದನ್ನು ಕೇಳಿ ಹಳಿ ಹಾಕಿದ್ದರೆ ಇನ್ನೂ ಚೆಂದ ಹಾಕುತ್ತಿದ್ದರು. ಹೊರಗೆ ಪಡಸಾಲೆಯಲ್ಲಿ ಕೆಮ್ಮು. ಅವಳ ಅಣ್ಣ ವೆಂಕಣ್ಣ, ಗರಗದ ಖಾದಿ ಅಂಗಿ ತೊಟ್ಟು, ಚಹಾ ಕುಡಿದು, ಕಾಯುತ್ತ ಕೂತಿದ್ದಾನೆ, ತಂಗಿಯನ್ನು ಚೊಚ್ಚಲ ಬಾಣಂತನಕ್ಕೆ ಕರೆಯಲು ಇದು ಮೂರನೆಯ ಸಲ ಬಂದದ್ದು, ಮೊದಲ ಸಲ ನಾನು ಅಮಾವಾಸ್ಯೆ ಹತ್ತಿರ ಬಂತು ಅಂದೆ, ಎರಡನೆಯ ಸಲ ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸುತ್ತಾರೆಯೇ ಅಂದೆ, ಇವತ್ತು ನೋಡಿದರೆ ಪಂಚಾಂಗವೇ ಅವನ ಕಡೆ ಸೇರಿಕೊಂಡಿದೆ, ಆದರೆ ನಾಳೆ ಎಂಟನೆಯ ತಿಂಗಳು ಬೀಳುತ್ತದೆ, ಎಂಟು ಬಿದ್ದ ಮೇಲೆ ಬಸುರಿ ಬಂಡಿ ಹತ್ತಬಾರದು ಅನ್ನುವುದು ನಮ್ಮವ್ವನ ಕಟ್ಟಳೆ, ಇನ್ನೊಂದು ರಾತ್ರಿ ದಾಟಿಸಿಬಿಟ್ಟರೆ ಇವಳು ಇಲ್ಲೇ, ಈ ಲೋಡಿಗೆ ಒರಗಿಯೇ, ನನ್ನ ಬಂಡಿ ನೋಡುತ್ತ — ಮಾಸ್ತರರು ಆಟಾ ಮುಗಿಸಿದ್ರೇನು ಅಂತ ವೆಂಕಣ್ಣ ಕೂಗಿದ, ಆಟವಂತೆ, ಆಟ. ಧಾರವಾಡ, ನವಲೂರು, ಉಣಕಲ್ಲು, ಹುಬ್ಬಳ್ಳಿ, ಹಲಗೆಯ ಆ ತುದಿಯಲ್ಲಿ ಸುತ್ತು ಹಾಕಿ ಮತ್ತೆ ಧಾರವಾಡ, ಬಂಡಿ ಗಾಳಿಯ ಹಾಗೆ ಬಂತು, ಹುಬ್ಬಳ್ಳಿ ದಾಟುವುದರೊಳಗೆ ಅವಳು ಮುಂದೆ ಬಾಗಿ ಅಂಗೈಯನ್ನು ಹಳಿಗೆ ಅಡ್ಡ ಇಟ್ಟುಬಿಟ್ಟಳು. ಇಂಜಿನು ಅಂಗೈಗೆ ಮೂಗು ಹಚ್ಚಿ ನಿಂತಿತು, ಗಾಲಿ ಮಾತ್ರ ತಿರುಗುತ್ತಲೇ ಇದ್ದವು.

ಇದು ಹುಬ್ಬಳ್ಳಿಯೊಳಗ ನಿಲ್ಲಂಗೇ ಇಲ್ಲಲ್ರಿ, ಅಂದಳು. ನಾನು ಅಂದೆ, ಸ್ಪ್ರಿಂಗಿನ ಇಂಜಿನು, ಸುತ್ತಬೇಕಾಗ್ತದ, ಜಗತ್ತಿನ್ಯಾಗ ಎಲ್ಲಾ ಆಟಗಿ ಬಂಡಿ ಹಿಂಗಽ. ಖರೇ ರೇಲ್ವೆ ಹಂಗ ಮಾಡ್ತೀನಿ ಅಂದವರು ನೀವಽ. ಅವಳು ಸಿಟ್ಟಾಗಿರಲಿಲ್ಲ, ಅದೇ ನನ್ನನ್ನು ಕೊಂದದ್ದು, ಕಣ್ಣಲ್ಲಿ ನಗು ಇಟ್ಟುಕೊಂಡೇ ಅಂದಳು, ದಿನಾ ಹುಬ್ಬಳ್ಳಿ ತೋರಿಸಿ ಹೊಳ್ಳಿಸಿಕೊಂಡು ಬರ್ತೀರಿ, ಒಂದು ದಿನಾನೂ ನನ್ನ ಇಳಿಸಿಲ್ಲ, ನನಗ ಅಂಜಿಕಿ ಆಗೇದರಿ, ನಮ್ಮವ್ವ ಮಗ್ಗುಲಕ್ಕ ಇರಬೇಕು. ಕತ್ತರಿ ತಂದೆ. ಹೊಳ್ಳಿ ಬರುವ ಅಷ್ಟೂ ಹಳಿ ಕತ್ತರಿಸಿ ತೆಗೆದೆ, ಹುಬ್ಬಳ್ಳಿಯಾಚೆ ಕಟ್ಟಿಗೆಯ ತುಂಡು ಬಡಿದೆ, ಬೆರಳು ಬಡಿದುಕೊಂಡೆ, ರಕ್ತ ಕೊಡಗಟ್ಟಲೆ ಹರಿಯಿತು, ಈಗ ರೇಲ್ವೆ ಆತು ನೋಡ್ರಿ ಅಂದಳು, ಆ ಮುಖ, ಆ ಮುಖಕ್ಕೆ ಹುಬ್ಬಳ್ಳಿಯೇನು ಕಾಶಿಯವರೆಗೆ ಡಬ್ಬಿ ಕತ್ತರಿಸಿಯೇನು. ವೆಂಕಣ್ಣಾ, ಟಾಂಗಾ ಕರಸು ಅಂದದ್ದು ನನ್ನ ಧ್ವನಿಯೇ. ನನ್ನವ್ವ ಉಡಿ ತುಂಬಿದಳು, ನಿರುಪಮಾ ಹೊಸ್ತಿಲಲ್ಲಿ ತಿರುಗಿ ನೋಡಿದಳು, ಗಾಲಿಗೆ ಎಣ್ಣಿ ಹಾಕ್ಕೋತ ಇರ್ರಿ ಅಂದಳು, ಟಾಂಗಾದ ಸದ್ದು ಓಣಿ ದಾಟಿತು. ಮನೆ ಇಷ್ಟು ದೊಡ್ಡದೆಂದು ನನಗೆ ತಿಳಿದೇ ಇರಲಿಲ್ಲ, ನಾಲ್ಕು ಊರು ಹಿಡಿಸುವಷ್ಟು. ಈಗ ನಿಜವಾದ ಬಂಡಿ ನವಲೂರು ದಾಟಿರಬೇಕು, ತಿರುವಿನಲ್ಲಿ ಅವಳು ಯಾರದೋ ಭುಜಕ್ಕೆ ವಾಲಿ ನಗುತ್ತಿರಬೇಕು, ನಾನು ಕೀಲಿ ಕೊಟ್ಟೆ, ಪೂರ್ತಿ ಕೊಟ್ಟೆ, ಹೋಯಿತು, ಸೊಟ್ಟ ತಿರುವಿನಲ್ಲಿ ವಾಲಿತು, ಕನ್ನಡಿ ದಾಟಿತು, ಹುಬ್ಬಳ್ಳಿ, ಕಟ್ಟಿಗೆಗೆ ಮೂಗು ಹಚ್ಚಿತು, ನಿಂತಿದೆ, ನಿಂತೇ ಇದೆ, ಗಾಲಿ ತಿರುಗುತ್ತಿವೆ, ಹಳಿಯ ಮೇಲೆ, ಇದ್ದಲ್ಲೇ, ಗಾಲಿ