ಗಾಜಿಗೆ ಅಂಗೈ

ಹತ್ತನೆಯ ಬಕೆಟ್ ಮೇಲೆ ಬಂದರೂ ಕುಣಿಯ ತಳದ ಮೂಡಣ ಮೂಲೆಯಲ್ಲಿ ಮತ್ತೆ ಬೊಗಸೆ ನೀರು ನಿಂತಿತ್ತು. ಬಸಲಿಂಗಪ್ಪ ಅದೇ ಮೂಲೆಗೆ ಸಲಿಕೆ ಹಾಕಿ ಇನ್ನೊಂದು ಗೇಣು ಕೆತ್ತಿದ. ನೀರು ಇನ್ನಷ್ಟು ಬಂತು.

"ಝರಿ ಇಲ್ಲೇ ಐತಿ. ಇನ್ನೊಂಚೂರು ತಗದ್ರ ಸಿಗತೈತಿ" ಎಂದು ಹಟಕ್ಕೆ ಬಿದ್ದವನಂತೆ ಕೆತ್ತುತ್ತಲೇ ಇದ್ದ.

ಸುಳ್ಳ ಎಂಬ ಊರಿನ ಎರೆಹೊಲ. ನಾಲ್ಕು ದಿನ ಬಿಟ್ಟೂಬಿಡದೆ ಸುರಿದ ಮಳೆ ಬೆಳಗ್ಗೆಯಷ್ಟೇ ನಿಂತಿತ್ತು. ಬದುವಿನ ಮೇಲೆ ಇಳಿಸಿದ, ಹೆಣ ಹೊರುವ ವಿಮಾನದಲ್ಲಿ ಬಸಲಿಂಗಪ್ಪನ ತಮ್ಮ ಗುರುಪಾದ, ಹಣೆತುಂಬ ವಿಭೂತಿ, ಕೊರಳತುಂಬ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಕೂತಿದ್ದ. ಕೂತ ಹಾಗೆಯೇ ಅವನನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಇಡಬೇಕು. ಹುಬ್ಬಳ್ಳಿಯ ಕಾರಿನ ಶೋರೂಮಿನಲ್ಲಿ ಮೂವತ್ತು ವರ್ಷ ಒದ್ದೆ ಕಾರುಗಳೊಳಗೆ ಕೂತವನನ್ನು ಕೊನೆಗೂ ಒದ್ದೆಯಲ್ಲೇ ಕೂಡ್ರಿಸುತ್ತೀರೇನು ಎಂದು ಅವನ ಹೆಂಡತಿ ಶಿವಬಸವ್ವ ಮೂರು ಸಲ ಕೇಳಿದ್ದಳು.

ಕಾಯುವ ಜನಕ್ಕೆ ಬಾಯಿ ಸುಮ್ಮನಿರುವುದಿಲ್ಲ.

"ಹೊಸಾ ಗಾಡ್ಯಾಗ ನೀರು ಎಲ್ಲಿಂದ ಸೋರತೈತಿ ಅಂತ ಹುಡುಕೂದ್ರಾಗ ಇವನ್ನ ಮೀರ್ಸಾವ್ರು ಇರ್ಲಿಲ್ಲ ನೋಡ್ರಿ."

"ಏನ್ ಬಂತು ತಗೋರಿ! ಕಡೀಕ ಯಾರದೋ ಹೊಸಾ ಗಾಡಿ ತಾನ ಕೈಯಾರೆ ಕೆಡಿಸಿಟ್ಟ. ಅದಕ್ಕ ಗಾಡಿ ತೊಳಿಯಾಕ ಹಚ್ಚಿದ್ರು."

"ವಯಸ್ಸಾಗಿತ್ತು. ಕೈ ನಡಗತಿದ್ವು ಕಾಣಸ್ತೈತಿ."

ಎಲ್ಲರ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ದಸ್ತಗೀರಸಾಬನಿಗೆ ಈ ಮಾತು ಕೇಳಿಸಿತು. ಗುರುಪಾದನ ಜತೆ ಇಪ್ಪತ್ತೆರಡು ವರ್ಷ ದುಡಿದವನು. ಶಿವಬಸವ್ವನಿಗೆ ಒಂದು ಮಾತು ಹೇಳಬೇಕೆಂದೇ ಬೆಳಗ್ಗೆ ಮೊದಲ ಬಸ್ಸಿಗೆ ಬಂದಿದ್ದ. ಮನೆಯ ಕಟ್ಟೆಯ ಮೇಲೆ ಹೇಳಲಾಗಲಿಲ್ಲ, ದಾರಿಯಲ್ಲೂ ಆಗಲಿಲ್ಲ. ಮಣ್ಣು ಬೀಳುವುದರೊಳಗೆ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಪುಕ್ಕಲುತನದ ಅಳತೆ ಅವನಿಗೆ ಸಿಕ್ಕು ಎರಡು ವರ್ಷವಾಗಿತ್ತು.

*

ಗುರುಪಾದನ ಕೆಲಸ ನೋಡುವವರಿಗೆ ತಮಾಷೆಯಾಗಿಯೇ ಕಾಣುತ್ತಿತ್ತು. ಕಾರಿನ ನೆಲಹಾಸು ಕಿತ್ತು ಹಳೆಯ ಪೇಪರು ಹಾಸುವನು. ಅಂಗಿಯ ಕಿಸೆಯಿಂದ ವಿಭೂತಿ ತೆಗೆದು ಪುಡಿಮಾಡಿ ಬಾಗಿಲಿನ ರಬ್ಬರಿಗೆ, ಕೀಲಿನ ಸಂದಿಗೆಲ್ಲ ಬಳಿಯುವನು. ಆಮೇಲೆ ಒಳಗೆ ಕೂತು ಬಾಗಿಲು ಹಾಕಿಕೊಳ್ಳುವನು. ಹೊರಗೆ ದಸ್ತಗೀರಸಾಬ ಪೈಪು ಹಿಡಿದು ಕೆಳಗಿನಿಂದ ಒಂದೊಂದೇ ಗೇಣು ಮೇಲಕ್ಕೆ ನೀರು ಬಿಡಬೇಕು. ಬಿಳಿ ಪುಡಿಯಲ್ಲಿ ಎಲ್ಲಿ ಮೊದಲು ಕಪ್ಪು ಗೆರೆ ಇಳಿಯುತ್ತದೋ ಅಲ್ಲಿ ತೂತು. ನೀರಿನ ಸದ್ದಿಗೆ ಒಳಗಿನ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಇಬ್ಬರೂ ಗುರುತು ಮಾಡಿಕೊಂಡಿದ್ದರು. ಗಾಜಿಗೆ ಒಂದು ಸಲ ಬೆರಳು ಕುಟ್ಟಿದರೆ, ಇನ್ನೂ ಮೇಲೆ ಹೋಗು. ಅಂಗೈ ಅಗಲಿಸಿ ಗಾಜಿಗೆ ಒತ್ತಿದರೆ, ಸಿಕ್ಕಿತು, ನಿಲ್ಲಿಸು.

ಎರಡು ವರ್ಷದ ಹಿಂದೆ ಧಾರವಾಡದ ಸಪ್ತಾಪುರದಿಂದ ವಾಣಿಶ್ರೀ ಎಂಬ ಲೆಕ್ಚರರ್ ತನ್ನ ಕಾರು ತಂದಳು. ತೆಗೆದುಕೊಂಡು ತಿಂಗಳಾಗಿರಲಿಲ್ಲ, ಒಳಗೆ ಹಸಿ ಗೋಣಿಚೀಲದ ವಾಸನೆ. ನೀರು ನಿಂತದ್ದು ಎಡಗಡೆ ಕಾಲಿಡುವಲ್ಲಿ. ಬೇರೆ ಮೆಕ್ಯಾನಿಕ್ಕುಗಳು ಎರಡು ಸಲ ಅಲ್ಲೇ ಕೆದಕಿ ಕಳಿಸಿದ್ದರು. ಗುರುಪಾದ ಮುಕ್ಕಾಲು ತಾಸು ಒಳಗೆ ಕೂತ. ನೀರು ಮುಂದಿನ ಗಾಜಿನ ಬುಡಕ್ಕೆ ಬಂದಾಗ ಅಂಗೈ ಗಾಜಿಗೆ ಬಿತ್ತು. ಬಲಗಡೆ, ಎರಡು ತಗಡು ಕೂಡುವಲ್ಲಿ, ಬೆರಳಗಲ ಜಾಗಕ್ಕೆ ಕಾರ್ಖಾನೆಯವರು ಅಂಟೇ ಹಾಕಿರಲಿಲ್ಲ.

'ಕಂಪನಿಯಿಂದಲೇ ಬಂದ ದೋಷ' ಎಂದು ಗುರುಪಾದ ಬರೆದುಕೊಟ್ಟ. ಹಾಗೆ ಬರೆದರೆ ಕಾರ್ಖಾನೆಯಿಂದ ಅದರ ಜತೆಗೇ ಬಂದು ಶೋರೂಮಿನ ಅಂಗಳದಲ್ಲಿ ನಿಂತ ಹನ್ನೊಂದು ಕಾರುಗಳನ್ನೂ ಬಿಚ್ಚಬೇಕಾಗುತ್ತಿತ್ತು. ಮ್ಯಾನೇಜರ್ ಪಂಢರಿನಾಥ ಬೇರೆ ಕಾಗದ ತಯಾರಿಸಿದ. ತಪಾಸಣೆಯ ವೇಳೆ ಗುರುಪಾದನೇ ಒರಟಾಗಿ ಬಿಚ್ಚಿ ಅಂಟು ಕಿತ್ತ ಎಂದು ಅದರಲ್ಲಿತ್ತು. ಕಣ್ಣಾರೆ ಕಂಡವನೆಂದು ದಸ್ತಗೀರಸಾಬ ಸಹಿ ಹಾಕಬೇಕಿತ್ತು. ಅವನ ಅಳಿಯ ರಿಯಾಜನಿಗೆ ಅದೇ ವಾರ ಅಲ್ಲೇ ಕೆಲಸವಾಗುವುದಿತ್ತು. ಸಹಿ ಹಾಕಿದ.

ಮರುದಿನ ಗುರುಪಾದ ರಬ್ಬರ್ ಬೂಟು ಹಾಕಿಕೊಂಡು ಕಾರು ತೊಳೆಯುವಲ್ಲಿ ನಿಂತ. ಹನ್ನೊಂದು ಗಂಟೆಗೆ ಎಂದಿನಂತೆ ಚಹಾ ಬಸಿಯಲ್ಲಿ ಅರ್ಧ ಮಾಡಿ ದಸ್ತಗೀರಸಾಬನ ಮುಂದೆ ಹಿಡಿದ.

"ಕುಡಿ. ಆರತೈತಿ" ಎಂದ. ಬೈದಿದ್ದರೆ ಎಷ್ಟೋ ಛಲೋ ಇತ್ತು. ಎರಡು ವರ್ಷ ನೀರಲ್ಲೇ ನಿಂತು ಗುರುಪಾದನ ಎದೆಯಲ್ಲಿ ಕೆಮ್ಮು ಕೂತಿತು; ಅದೇ ಅವನನ್ನು ಒಯ್ದಿತು.

*

"ಸಲಿಕಿ ಕೆಳಗ ಇಡ್ರಿ" ಎಂದ ದಸ್ತಗೀರಸಾಬ, ಕುಣಿಯ ಅಂಚಿಗೆ ಬಂದು. "ನೀರು ಕಂಡಲ್ಲೆ ತೂತು ಇರೂದಿಲ್ರಿ. ಕೆದಕಿದಷ್ಟು ಹೆಚ್ಚಿಗಿ ಬರತೈತಿ. ನಾ ಇಳದು ನೋಡತೇನಿ."

ಬಸಲಿಂಗಪ್ಪನಿಗೆ ರೇಗಿತು. "ಸಾಬ್ರ, ಇದೇನು ನಿಮ್ಮ ಗ್ಯಾರೇಜ ಅಲ್ಲ."

ಕ್ರಿಯೆ ಮಾಡಿಸಲು ಬಂದಿದ್ದ ಶಾಂತಯ್ಯ ಪಡುವಣದ ಕಡೆ ನೋಡಿದ. "ಹೊತ್ತು ಇಳಿಯಾಕತ್ತೈತಿ. ನಿಮಗಂತೂ ಸಿಗವಲ್ದು, ಅವರರ ನೋಡ್ಲಿ ಬಿಡ್ರಿ."

"ಅಯ್ನಾರ, ಒಂದೀಟು ವಿಭೂತಿ ಕೊಡ್ರಿ" ಎಂದು ದಸ್ತಗೀರಸಾಬ ಕೈಯೊಡ್ಡಿದ.

ಬಸಲಿಂಗಪ್ಪ ಮೇಲೆ ಹತ್ತಿ ಬಂದ. ದಸ್ತಗೀರಸಾಬ ಕೆಳಗಿಳಿದು ತನ್ನ ಟವೆಲ್ಲಿನಿಂದ ಗೋಡೆಗಳನ್ನು ಒತ್ತಿ ಒರೆಸಿದ. ವಿಭೂತಿ ಪುಡಿಮಾಡಿ ಸುತ್ತಲೂ ಬಳಿದ. ಆಮೇಲೆ ಗೂಡಿನ ಬಾಯಲ್ಲಿ, ಗುರುಪಾದ ಕೂಡುವಲ್ಲಿಯೇ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡಿದ. ನೀರು ನಿಂತದ್ದು ಮೂಡಣ ಮೂಲೆಯಲ್ಲಿ. ಕಪ್ಪು ಗೆರೆ ಇಳಿದದ್ದು ಪಡುವಣ ಗೋಡೆಯಲ್ಲಿ, ಎದೆಯೆತ್ತರದಿಂದ. ಬೇಸಿಗೆಯಲ್ಲಿ ಬಿರಿದ ನೆಲದ ಬಿರುಕೊಂದು ಒಳಗೊಳಗೇ ಹಾಗೇ ಉಳಿದಿತ್ತು.

"ಬದುವಿನ ಆಚಿಗೆ ನೀರು ನಿಂತಿರಬೇಕು, ನೋಡ್ರಿ. ಕಾಲುವಿ ತಗದು ಬಿಟ್ಟಬಿಡ್ರಿ" ಎಂದು ಕೂಗಿದ. ನಾಲ್ಕು ಜನ ಓಡಿದರು. ಅವನು ಮಣ್ಣು ನಾದಿ ಬಿರುಕಿಗೆ ತುಂಬಿದ, ಮೇಲೆ ಮತ್ತೆ ವಿಭೂತಿ ಬಳಿದ. ಸ್ವಲ್ಪ ಹೊತ್ತು ಕಾದರು. ಬಿಳಿ ಬಿಳಿಯಾಗಿಯೇ ಉಳಿಯಿತು.

"ಖರೇನ ನಿಂತತಲ್ರಿ!" ಎಂದ ಬಸಲಿಂಗಪ್ಪ. "ನಮ್ಮ ತಮ್ಮಗೂ ಹಿಂಗ ಬರತಿತ್ತು. ಕಡೀಕ ಅದೇನಾತೋ, ಕೈ ಕೆಟ್ಟು—"

"ಅವನ ಕೈ ಕೆಟ್ಟಿರ್ಲಿಲ್ರಿ" ಎಂದ ದಸ್ತಗೀರಸಾಬ.

ತಲೆಯೆತ್ತಿದ. ಅಂಚಿನಲ್ಲಿ ಶಿವಬಸವ್ವ ನಿಂತಿದ್ದಳು. ಕೆಳಗಿನಿಂದ ಅವಳ ಪಾದಗಳು, ಸೆರಗು, ಅದರ ಮೇಲೆ ಮುಖ ಕಾಣುತ್ತಿತ್ತು.

"ಅಕ್ಕಾರ, ಅಂವ ಆ ಗಾಡಿ ಕೆಡಿಸಿಲ್ರಿ. ಅದು ಬರೂವಾಗನ ಹಂಗ ಬಂದಿತ್ತು. ಅಂವ ಖರೇ ಬರದ. ಅಂವ ಕೆಡಿಸ್ಯಾನ, ನಾ ನೋಡೇನಿ ಅಂತ ಸುಳ್ಳ ಕಾಗದಕ್ಕ ಸಹಿ ಹಾಕಿದಾಂವ ನಾನ ರೀ."

ಅವನು ಕ್ಷಮೆ ಕೇಳಲು ಬಾಯಿ ತೆರೆದ, ಆದರೆ ಆ ಮಾತು ಆ ಹೊತ್ತಿಗೆ ಬಲು ಅಗ್ಗವೆನಿಸಿ ಮುಚ್ಚಿದ.

"ಎರಡ ವರ್ಷ" ಎಂದಳು ಶಿವಬಸವ್ವ. ದನಿ ಏರಲಿಲ್ಲ. "ಒಂದ ಚಾದ ಕಪ್ಪ ಬಿದ್ರ ಅವರ ಕೈಗೆ ಬೈದೆ. ಅಂಗಿ ಗುಂಡಿ ಹಚ್ಚಾಕ ಬರದಿದ್ರ ಕೈಗೆ ಬೈದೆ. ಇಂಥಾ ಕೈ ಇಟ್ಕೊಂಡ ಮಂದಿ ಗಾಡಿ ಯಾಕ ಮುಟ್ಟಾಕ ಹೋದ್ರಿ ಅಂದೆ. ನಿಮ್ಮ ಹೆಸರ ಒಂದಿನಾನೂ ಹೇಳ್ಲಿಲ್ರಿ ಅವ್ರು."

ದಸ್ತಗೀರಸಾಬ ಮೇಲೆ ಹತ್ತಲೆಂದು ಎರಡೂ ಕೈ ಚಾಚಿದ. ಸುತ್ತ ಇಪ್ಪತ್ತು ಜನರಿದ್ದರು. ಒಂದು ಕೈಯೂ ಕೆಳಗೆ ಬರಲಿಲ್ಲ.

"ನೀವು ಮ್ಯಾಲ ಬರಬ್ಯಾಡ್ರಿ" ಎಂದಳು ಶಿವಬಸವ್ವ. "ಅಲ್ಲೇ ನಿಲ್ರಿ. ಒಳಗಿಂದ ನೀವ ಇಸ್ಕೊಳ್ರಿ ಅವರನ್ನ."

ಶಾಂತಯ್ಯ ತಡೆಯಲಿಲ್ಲ. ಬಸಲಿಂಗಪ್ಪ ಮತ್ತು ಮೂವರು ಬಟ್ಟೆಯ ಜೋಲಿಯಲ್ಲಿ ಗುರುಪಾದನನ್ನು ಇಳಿಸಿದರು. ಭಾರ ಮೆಲ್ಲಗೆ ಕೆಳಗೆ ಬಂತು. ದಸ್ತಗೀರಸಾಬ ತೋಳುಗಳ ಕೆಳಗೆ ಕೈಹಾಕಿ ಎದೆಗೆ ಆನಿಸಿಕೊಂಡ. ಮುಖಕ್ಕೆ ಮುಖ ಗೇಣಿನಷ್ಟು ದೂರದಲ್ಲಿತ್ತು. ಗೂಡಿಗೆ ತಿರುಗಿಸುವಾಗ ಬಲಗೈಯನ್ನು ಮಡಿಲಿಗೆ ಸೇರಿಸಿ ಕಟ್ಟಿದ್ದ ದಾರ ಸಡಿಲಿತು. ಕೈ ಜಾರಿ ಬಂದು, ತಣ್ಣಗೆ, ಅಗಲವಾಗಿ, ಹಿಂದೆ ಕಾರಿನ ಗಾಜಿಗೆ ಒತ್ತುತ್ತಿದ್ದ ಹಾಗೆಯೇ, ಅವನ ಎದೆಗೆ ಅಂಗೈ ಒತ್ತಿ ನಿಂತಿತು.

"ಬಿಡ್ರಿ ಸಾಬ್ರ, ಕುಂದ್ರಸ್ರಿ ಲಗೂನ" ಎಂದು ಮೇಲಿನಿಂದ ಬಸಲಿಂಗಪ್ಪ ಕೂಗಿದ.

ದಸ್ತಗೀರಸಾಬ ಅಲುಗಾಡಲಿಲ್ಲ.