ನೀರಿಗಿಳಿದರೆ ಮಾತ್ರ ಮಾತು

ಪ್ರವಾಸಿಗರ ಬಾಡಿಗೆ ಕೊಡೆಗಳನ್ನೆಲ್ಲ ಮಡಚಿ ಕೊಟ್ಟಿಗೆಗೆ ಹಾಕಿದ ಮೇಲೆ, ಗ್ರೀಸಿನ ನಮ್ಮ ಏಗಿನಾ ದ್ವೀಪದ ಸಮುದ್ರ ನಮ್ಮದಾಗುತ್ತದೆ. ಅಕ್ಟೋಬರಿನಿಂದ ಈಸ್ಟರ್‌ವರೆಗೆ, ಬೆಳಿಗ್ಗೆ ಒಂಬತ್ತಕ್ಕೆ ನಾಲ್ವರು ನೀರಿಗಿಳಿಯುತ್ತೇವೆ. ಫ್ರೋಸೋ, ಅವಳ ತಂಗಿ ಎವಾಂಥಿಯಾ, ಅಂಚೆ ಕಚೇರಿಯಿಂದ ನಿವೃತ್ತಳಾದ ಸ್ಟಮಾತಾ, ಮತ್ತೆ ಬೇಸಿಗೆಯಲ್ಲಿ ಇದೇ ದಡದಲ್ಲಿ ಕೊಡೆ ಬಾಡಿಗೆಗೆ ಕೊಡುವ ನಾನು, ಲಾಂಬಿಸ್. ನನಗೆ ಮೂವತ್ತನಾಲ್ಕು, ಅವರೆಲ್ಲ ಎಪ್ಪತ್ತು ದಾಟಿದವರು. ಈಜುವುದು ಕಡಿಮೆ. ಹುಲ್ಲಿನ ಟೋಪಿ ಹಾಕಿಕೊಂಡು, ಕತ್ತಿನವರೆಗಿನ ನೀರಿನಲ್ಲಿ ಸುತ್ತ ನಿಂತು ಹರಟುತ್ತಾರೆ. ಹೆಚ್ಚಿನ ಹರಟೆ ನನಗೆ ಇನ್ನೂ ಹೆಣ್ಣು ಸಿಗದಿರುವುದರ ಬಗ್ಗೆ.

ನೀರಿನಲ್ಲಿ ಜಗಳವಾಡಬಾರದು. ಚಳಿಗಾಲದಲ್ಲಿ ಮೀಯುವವರ ಹಳೆಯ ಕಟ್ಟಳೆ ಇದು. ಇದರಿಂದಾಗಿಯೇ ಅಕ್ಕತಂಗಿಯರ ನಡುವೆ ಎಂಟು ವರ್ಷಗಳಿಂದ ಒಂದಿಷ್ಟಾದರೂ ಮಾತು ಉಳಿದಿತ್ತು. ದಡದಲ್ಲಿ ಅವರಿಗೆ ಮಾತಿಲ್ಲ. ತಾಯಿಗೆ ಕೊನೆಯ ಕಾಯಿಲೆ ಬಂದಾಗ, ಅಮ್ಮ ಮನೆಯಲ್ಲೇ, ತನ್ನ ಹಾಸಿಗೆಯಲ್ಲೇ ಇರಲಿ ಎಂದು ಎವಾಂಥಿಯಾ ಅಂಗಲಾಚಿದ್ದಳು. ಫ್ರೋಸೋ ಕೇಳಲಿಲ್ಲ, ಆಚೆ ದಡದ ಪಿರೇಯಸ್ ಪಟ್ಟಣದ ಆಸ್ಪತ್ರೆಗೆಂದು ಹಡಗು ಹತ್ತಿಸಿದಳು. ಎವಾಂಥಿಯಾ ಜೊತೆಗೆ ಹೋಗಲಿಲ್ಲ. ತಾಯಿ ದಾರಿಯಲ್ಲೇ, ಹಡಗಿನಲ್ಲೇ ತೀರಿಕೊಂಡಳು. ಅಂದಿನಿಂದ ಚರ್ಚಿನಲ್ಲೂ ಬೇರೆ ಬೇರೆ ಮೂಲೆ. ಆದರೆ ನೀರು ಎದೆಗೇರಿದ ಕೂಡಲೇ ಒಬ್ಬಳು ಇನ್ನೊಬ್ಬಳ ಮಂಡಿನೋವು ವಿಚಾರಿಸುತ್ತಾಳೆ. ಹೊರಬಂದು ಇಬ್ಬರೂ ಬೆನ್ನು ತಿರುಗಿಸಿ ಬಟ್ಟೆ ಹಾಕಿಕೊಳ್ಳುತ್ತಾರೆ.

ಜನವರಿಯ ಕೊನೆಯಲ್ಲಿ ಒಂದು ದಿನ ಫ್ರೋಸೋ ಕೋಟು ತೊಟ್ಟೇ ನಿಂತಳು. ಹೃದಯದ ಡಾಕ್ಟರು ಇನ್ನೆಂದೂ ತಣ್ಣೀರಿಗೆ ಇಳಿಯಕೂಡದು ಅಂದಿದ್ದಾರಂತೆ. ಹೇಳಿದ್ದು ನನಗೆ, ಆದರೆ ಮೂರು ಮಾರು ಆಚೆಗಿದ್ದ ತಂಗಿಗೆ ಕೇಳುವಷ್ಟು ಗಟ್ಟಿಯಾಗಿ. ಟೋಪಿಯ ದಾರ ಕಟ್ಟುತ್ತಿದ್ದ ಎವಾಂಥಿಯಾಳ ಕೈ ಅಲ್ಲೇ ನಿಂತಿತು. ಆಮೇಲೆ ನೀರಿಗೆ ನಡೆದಳು.

ಅವತ್ತು ಯಾರೂ ನನ್ನ ಮದುವೆಯ ಮಾತೆತ್ತಲಿಲ್ಲ. ಫ್ರೋಸೋ ಕೈಚೀಲ ಅವಚಿಕೊಂಡು ದಡದಲ್ಲಿ ನಿಂತೇ ಇದ್ದಳು, ಬರದ ಬಸ್ಸಿಗೆ ಕಾಯುವವರ ಹಾಗೆ. ಒಂದು ಮಾತಾಡಬಾರದೇ ಎಂದು ಸ್ಟಮಾತಾ ಎವಾಂಥಿಯಾಳನ್ನು ಮೆಲ್ಲಗೆ ಗದರಿದಳು. ಎವಾಂಥಿಯಾ ಇನ್ನಷ್ಟು ಆಳಕ್ಕೆ ಸರಿದಳು.

ಮರುದಿನವೂ ಹಾಗೇ. ಮೂರನೆಯ ದಿನ ಚಳಿಗಾಳಿ ಜೋರಾಗಿತ್ತು; ನಾವು ಮೂವರು ನೀರಿನಲ್ಲಿದ್ದೆವು. ಫ್ರೋಸೋ ಬೂಟು, ಉಣ್ಣೆಯ ಕಾಲುಚೀಲ ಬಿಚ್ಚಿ, ಲಂಗ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿಗೆ ಬಂದಳು.

"ಡಾಕ್ಟರು ಪಾದದ ಬಗ್ಗೆ ಏನೂ ಹೇಳಿಲ್ಲ, ಲಾಂಬಿಸ್," ಎಂದಳು.

ಎವಾಂಥಿಯಾ ನಿಂತಲ್ಲಿಂದಲೇ ಕೂಗಬಹುದಿತ್ತು. ಕೂಗಲಿಲ್ಲ. ನಿಧಾನವಾಗಿ ದಡದ ಕಡೆ ನಡೆದಳು. ನೀರು ಎದೆಗಿಳಿಯಿತು, ಸೊಂಟಕ್ಕೆ, ಮೊಣಕಾಲಿಗೆ. ಗಾಳಿ ಅವಳನ್ನು ಗಡಗಡ ನಡುಗಿಸುತ್ತಿತ್ತು. ಅಕ್ಕನಿಂದ ಎರಡು ಹೆಜ್ಜೆ ಇರುವಾಗ, ಗೇಣಾಳದ ನೀರಿನಲ್ಲಿ ದೊಪ್ಪನೆ ಕೂತುಬಿಟ್ಟಳು. ಮಾತಾಡಬೇಕಾದರೆ ಮೈ ನೀರಿನಲ್ಲಿರಬೇಕು; ಕಟ್ಟಳೆ ಕಟ್ಟಳೆಯೇ.

"ಮಾತ್ರೆ ತಗೊಂಡ್ಯಾ?"

"ತಗೊಂಡೆ. ಎದ್ದೇಳೇ ಕತ್ತೆ, ಶೀತ ಆಗುತ್ತೆ."

"ನಿನ್ನಷ್ಟು ಮುದುಕಿ ಆಗಿಲ್ಲ ನಾನು."

ಆಮೇಲೆ ಎವಾಂಥಿಯಾ ಎಂಟು ಚಳಿಗಾಲ ಕೇಳದೇ ಉಳಿಸಿಕೊಂಡಿದ್ದನ್ನು ಕೇಳಿದಳು.

"ಹಡಗಲ್ಲಿ ಅಮ್ಮನ ಕೈ ಯಾರು ಹಿಡ್ಕೊಂಡಿದ್ರು?"

"ನಾನೇ. ಅಮ್ಮ ನಿನ್ನನ್ನೇ ಕರೀತಿದ್ಲು." ಫ್ರೋಸೋಳ ಕೈಯಿಂದ ಲಂಗ ಜಾರಿ ನೀರಿಗೆ ಬಿತ್ತು. "‘ಅಮ್ಮಾ, ನಾನೇ ಎವಾಂಥಿಯಾ’ ಅಂದೆ ಕಣೇ. ಇನ್ನೇನು ಹೇಳ್ಲಿ?"

ಎವಾಂಥಿಯಾ ಎದ್ದಳು. ಮೈಯಿಂದ ನೀರು ಸುರಿಯುತ್ತಿತ್ತು. ಅಕ್ಕನ ರಟ್ಟೆ ಹಿಡಿದು ನೀರಿನಿಂದ ಹೊರಗೆ ನಡೆಸಿಕೊಂಡು ಹೋದಳು, ಅಲೆ ಮುಟ್ಟದ ಕಡೆಗೆ. ಅಲ್ಲಿ, ಒಣ ಮರಳಿನ ಮೇಲೆ ನಿಂತು ಕೇಳಿದಳು:

"ನಂಬಿದ್ಲಾ?"

"ಅಮ್ಮನಿಗೆ ಗೊತ್ತಾಗಲ್ವಾ? ಆದ್ರೂ, ‘ಬಂದ್ಯಾ ಮಗಳೇ’ ಅಂದ್ಲು."